ನರೆದಲೆಗನ ಸೆರೆವಾಸ: ಬೀಜವೈವಿಧ್ಯ ಮತ್ತು ಜಾನಪದ ಅಧ್ಯಯನದ ಹೊಣೆ

ಕನಕದಾಸರ ‘ರಾಮಧಾನ್ಯ ಚರಿತ್ರೆ’ಯನ್ನು ಕನ್ನಡ ವಿಮರ್ಶೆ ಬಹುಮಟ್ಟಿಗೆ ಸಾಮಾಜಿಕ ರೂಪಕವಾಗಿಯೇ ಓದಿಕೊಂಡು ಬಂದಿದೆ. ಹದಿನಾರನೆಯ ಶತಮಾನದ ಈ ಭಾಮಿನಿ ಷಟ್ಪದಿಯ ಕಿರುಕಾವ್ಯದಲ್ಲಿ ವ್ರೀಹಿಯೆಂದರೆ ಉಳ್ಳವರ ಅನ್ನ, ನರೆದಲೆಗನೆಂದರೆ ದುಡಿಯುವವರ ಹಿಟ್ಟು. ಭತ್ತ ಮತ್ತು ರಾಗಿಗಳ ವಾಗ್ವಾದವೆಂದರೆ ಸಮಾಜದ ಮೇಲುಕೀಳುಗಳ ವಾಗ್ವಾದ. ಈ ಓದಿಗೆ ಕಾವ್ಯದಲ್ಲಿಯೇ ಬೇಕಾದಷ್ಟು ಆಧಾರಗಳಿವೆ. ಆದರೆ ಧಾನ್ಯವನ್ನು ರೂಪಕವೆಂದು ಒಪ್ಪಿಕೊಂಡ ಕೂಡಲೇ ಅದು ಧಾನ್ಯವಾಗಿ ಉಳಿಯುವುದಿಲ್ಲ. ಅದು ಎಂಥ ಹೊಲದಲ್ಲಿ ಬೆಳೆಯುತ್ತದೆ, ಎಷ್ಟು ಕಾಲ ಕೆಡದೆ ಇರುತ್ತದೆ, ಅದರ ಬೀಜವನ್ನು ಯಾರು ಕಾಪಾಡುತ್ತಾರೆ ಎಂಬ ಪ್ರಶ್ನೆಗಳು ವಿಮರ್ಶೆಯ ಹೊರಗೆ ಉಳಿದುಬಿಡುತ್ತವೆ. ಬೆಳೆಗಳ ತಳಿವೈವಿಧ್ಯವೇ ಆಹಾರ ಭದ್ರತೆಯ ಬುನಾದಿ ಎಂದು ತಿಳಿದುಬಂದಿರುವ ಇಂದಿನ ಸಂದರ್ಭದಲ್ಲಿ ಈ ಪ್ರಶ್ನೆಗಳನ್ನು ಮತ್ತೆ ಒಳತರುವ ಅಗತ್ಯವಿದೆ. ಹಾಗೆ ತಂದಾಗ ಅವು ಕೃಷಿ ವಿಜ್ಞಾನದ ಕಡೆಗೆ ಮಾತ್ರವಲ್ಲ, ಜಾನಪದ ಅಧ್ಯಯನದ ಕಡೆಗೂ ತಿರುಗುತ್ತವೆ. ಹಾಡನ್ನು ಅಕ್ಕರೆಯಿಂದ ಬರೆದುಕೊಂಡ ಜಾನಪದ ಅಧ್ಯಯನ, ಹಾಡಿದವಳ ಮಡಕೆಯಲ್ಲಿದ್ದ ಬೀಜದ ಹೆಸರನ್ನು ಬರೆದುಕೊಂಡಿತೆ?

1. ಕಾವ್ಯದೊಳಗಿನ ಧಾನ್ಯ

ಕಾವ್ಯದ ಕಥೆ ಪರಿಚಿತವಾದುದು. ಲಂಕೆಯಿಂದ ಮರಳುವ ರಾಮನಿಗೆ ಮುನಿಗಳ ಆಶ್ರಮದಲ್ಲಿ ಆತಿಥ್ಯ ನಡೆಯುತ್ತದೆ. ಧಾನ್ಯಗಳಲ್ಲಿ ಯಾವುದು ಶ್ರೇಷ್ಠವೆಂಬ ಮಾತು ಹುಟ್ಟಿ, ವ್ರೀಹಿಯೂ ನರೆದಲೆಗನೂ ತುಂಬಿದ ಸಭೆಯಲ್ಲಿ ಪರಸ್ಪರ ಜರೆದುಕೊಳ್ಳುತ್ತವೆ. ತೀರ್ಪು ಕೊಡಲು ರಾಮ ಅವಸರಪಡುವುದಿಲ್ಲ. ಎರಡು ಧಾನ್ಯಗಳನ್ನೂ ಆರು ತಿಂಗಳು ಸೆರೆಯಲ್ಲಿರಿಸಲು ಹೇಳುತ್ತಾನೆ. ಅವಧಿ ಮುಗಿದಾಗ ವ್ರೀಹಿ ಸತ್ವಗುಂದಿರುತ್ತದೆ, ನರೆದಲೆಗ ಕೆಡದೆ ಉಳಿದಿರುತ್ತಾನೆ. ರಾಘವನ ಹೆಸರು ಅವನಿಗೆ ಸಲ್ಲುತ್ತದೆ. ಅದರಿಂದ ರಾಗಿಯೆಂಬ ಹೆಸರು ಬಂದಿತೆಂಬುದು ಕಾವ್ಯದ ನಿರುಕ್ತಿ.

ಇಲ್ಲಿ ತೀರ್ಮಾನವಾದುದು ವಾದದ ಬಲದಿಂದಲ್ಲ, ಧಾನ್ಯದ ಗುಣದಿಂದ ಎಂಬುದು ಗಮನಾರ್ಹ. ರಾಗಿಯ ಕಾಳು ಸಣ್ಣದು, ಸಿಪ್ಪೆ ಗಟ್ಟಿ; ಹುಳು ಸುಲಭವಾಗಿ ಹತ್ತದು. ಹಳೇ ಮೈಸೂರು ಭಾಗದ ರೈತರು ನೆಲದೊಳಗಿನ ಹಗೇವಿನಲ್ಲಿ ಅದನ್ನು ವರ್ಷಗಟ್ಟಲೆ ತುಂಬಿಡುತ್ತಿದ್ದರು. ಬರಗಾಲದಲ್ಲಿ ಊರನ್ನು ಕಾಯುತ್ತಿದ್ದುದು ಆ ಹಗೇವು. ಕಾವ್ಯದ ಸೆರೆಮನೆ ಒಂದರ್ಥದಲ್ಲಿ ಹಗೇವಿನ ಪರೀಕ್ಷೆಯೇ ಆಗಿದೆ. ಕನಕದಾಸರು ಒಕ್ಕಲು ಮಕ್ಕಳ ಅನುಭವವನ್ನು ನ್ಯಾಯನಿರ್ಣಯದ ಪ್ರಮಾಣವಾಗಿ ತಂದಿದ್ದಾರೆ.

ಆದರೆ ಇಲ್ಲಿಯೇ ಒಂದು ಭೇದವನ್ನು ಗುರುತಿಸಬೇಕು. ಹಗೇವಿನಲ್ಲಿದ್ದುದು ಉಣ್ಣುವ ಕಾಳು, ಬಿತ್ತುವ ಕಾಳಲ್ಲ. ಗಾಳಿಯಾಡದ ಗುಂಡಿಯಲ್ಲಿ ವರ್ಷಗಟ್ಟಲೆ ಇದ್ದ ಕಾಳು ಹಿಟ್ಟಿಗೆ ಒದಗಬಹುದು, ಮೊಳಕೆಗೆ ಒದಗುತ್ತದೆಂಬ ಭರವಸೆಯಿಲ್ಲ. ಆದುದರಿಂದ ಬಿತ್ತನೆಯ ತೆನೆಗಳನ್ನು ಹೊಲದಲ್ಲಿಯೇ ಆಯ್ದು, ಒಣಗಿಸಿ, ಬೂದಿಯನ್ನೋ ಬೇವಿನ ಇಲ್ಲವೆ ಲಕ್ಕಿಯ ಸೊಪ್ಪನ್ನೋ ಬೆರೆಸಿ ಮಡಕೆಯಲ್ಲಿ ಬೇರೆಯಾಗಿ ಇಡುವ ಪದ್ಧತಿ ಬೆಳೆಯಿತು. ಕರಾವಳಿ ಮತ್ತು ಮಲೆನಾಡಿನಲ್ಲಿ ಭತ್ತದ ಬೀಜ ಹುಲ್ಲಿನ ಮುಡಿಯಲ್ಲಿ ಬೆಚ್ಚಗಿರುತ್ತಿತ್ತು. ಹಗೇವು ಒಂದು ವರ್ಷದ ಹಸಿವನ್ನು ನೀಗಿಸಿದರೆ, ಬೀಜದ ಮಡಕೆ ಮುಂದಿನ ಎಲ್ಲ ವರ್ಷಗಳ ಹಸಿವಿಗೆ ಉತ್ತರವಾಗಿತ್ತು.

ಇನ್ನೊಂದು ಸಂಗತಿಯೂ ಇದೆ. ಸಭೆಯಲ್ಲಿದ್ದುದು ಎರಡೇ ಧಾನ್ಯಗಳಲ್ಲ. ಹಾರಕ, ಬರಗು, ಜೋಳ, ಕಂಬು, ಸಾಮೆ, ನವಣೆಗಳನ್ನೂ ಕಾವ್ಯ ಹೆಸರಿಸುತ್ತದೆ. ವಾದ ಬೆಳೆದಂತೆ ಅವು ಹಿಂದೆ ಸರಿಯುತ್ತವೆ, ಕಣದಲ್ಲಿ ಇಬ್ಬರೇ ಉಳಿಯುತ್ತಾರೆ. ಬಹುತ್ವವನ್ನು ದ್ವಂದ್ವಕ್ಕೆ ಇಳಿಸುವ ಈ ಪ್ರವೃತ್ತಿ ಕಾವ್ಯಕ್ಕೆ ಅನಿವಾರ್ಯವಿದ್ದೀತು. ಆಹಾರದ ಕುರಿತ ಆಧುನಿಕ ಚರ್ಚೆಯೂ ಅದನ್ನೇ ಮುಂದುವರಿಸಿರುವುದು ಯೋಚಿಸಬೇಕಾದ ಸಂಗತಿ.

2. ಬೆಳೆ ಬೇರೆ, ತಳಿ ಬೇರೆ

ವಿಶ್ವಸಂಸ್ಥೆ 2023ನ್ನು ಅಂತಾರಾಷ್ಟ್ರೀಯ ಸಿರಿಧಾನ್ಯ ವರ್ಷವೆಂದು ಆಚರಿಸಿತು. 2013ರ ರಾಷ್ಟ್ರೀಯ ಆಹಾರ ಭದ್ರತಾ ಕಾಯ್ದೆ ಅಕ್ಕಿ, ಗೋಧಿಗಳ ಜೊತೆಗೆ ಒರಟು ಧಾನ್ಯಗಳಿಗೂ ಪಡಿತರದಲ್ಲಿ ಸ್ಥಾನ ಕೊಟ್ಟಿತು. ಇವು ಸ್ವಾಗತಾರ್ಹ ಬೆಳವಣಿಗೆಗಳು. ಒಂದು ಕಾಲಕ್ಕೆ ಕೀಳೆಂದು ಕಂಡ ಧಾನ್ಯಗಳಿಗೆ ಮರ್ಯಾದೆ ದೊರೆತಿದೆ. ಆದರೆ ‘ಸಿರಿಧಾನ್ಯ’ವೆಂಬ ಒಂದೇ ಹೆಸರಿನಡಿ ಅನೇಕ ಧಾನ್ಯಗಳು ಬಂದಂತೆ, ‘ರಾಗಿ’ಯೆಂಬ ಒಂದೇ ಹೆಸರಿನಡಿ ಅನೇಕ ರಾಗಿಗಳು ಮರೆಯಾದವು. ಖರೀದಿ ಕೇಂದ್ರದ ತಕ್ಕಡಿಗೆ ರಾಗಿ ಎಂದರೆ ಬರಿಯ ರಾಗಿ. ಬೆಳೆಯ ಕೀರ್ತಿ ಹೆಚ್ಚುತ್ತಿರುವಾಗಲೇ ಅದರ ತಳಿಗಳು ಕಡಿಮೆಯಾಗುವುದು ಸಾಧ್ಯ ಎಂಬುದನ್ನು ಪ್ರಚಾರ ಸಾಹಿತ್ಯ ಗಮನಿಸಿದಂತೆ ಕಾಣುವುದಿಲ್ಲ.

ರೈತರ ಬಾಯಲ್ಲಿ ರಾಗಿ ಎಂದೂ ಒಂದಾಗಿರಲಿಲ್ಲ. ಹಸಿರುಕಡ್ಡಿ, ಬಿಳಿಕಡ್ಡಿ, ಕರಿಕಡ್ಡಿ, ಉಂಡೆರಾಗಿ, ಮಜ್ಜಿಗೆರಾಗಿ, ಕೋಣನಕೊಂಬಿನ ರಾಗಿ, ರುದ್ರಜಡೆ, ಜಗಳೂರು ರಾಗಿ, ಶರಾವತಿ ರಾಗಿ ಮೊದಲಾದ ಹೆಸರುಗಳು ಈಗಲೂ ಅಲ್ಲಲ್ಲಿ ಕೇಳಿಬರುತ್ತವೆ. ಇವು ಬರಿಯ ಗುರುತುಗಳಲ್ಲ. ಒಂದು ಹೆಸರು ಕಡ್ಡಿಯ ಬಣ್ಣವನ್ನು ಹಿಡಿದರೆ ಇನ್ನೊಂದು ತೆನೆಯ ಬಾಗನ್ನು ಹಿಡಿಯುತ್ತದೆ, ಮತ್ತೊಂದು ಬೀಜ ಬಂದ ಊರನ್ನು ನೆನಪಿಡುತ್ತದೆ. ನರೆದಲೆಗ ಎಂಬ ಹೆಸರೂ ಇದೇ ಜಾತಿಯದು. ನರೆತ ತಲೆಯವನೆಂಬ ಆ ವರ್ಣನೆ ಗದ್ದೆ ಹೊಲಗಳನ್ನು ಕಂಡ ಕಣ್ಣಿನಿಂದ ಹುಟ್ಟಿದುದು. ಗಾದೆ, ಒಗಟುಗಳನ್ನು ಕಿರು ಪ್ರಕಾರಗಳೆಂದು ಅಧ್ಯಯನ ಮಾಡುವ ಜಾನಪದ ತಳಿಯ ಹೆಸರನ್ನೂ ಒಂದು ಕಿರುಪಠ್ಯವೆಂದು ಪರಿಗಣಿಸಲು ಇಲ್ಲಿ ಸಾಕಷ್ಟು ಕಾರಣವಿದೆ.

ಭತ್ತದಲ್ಲಿ ಇದು ಇನ್ನೂ ಸ್ಪಷ್ಟ. ಅಘನಾಶಿನಿ ನದಿ ಕಡಲನ್ನು ಸೇರುವ ಕುಮಟಾ ಭಾಗದ ಗಜನಿ ಭೂಮಿಯಲ್ಲಿ ಉಪ್ಪುನೀರನ್ನು ತಾಳಿಕೊಂಡು ಬೆಳೆಯುವ ಭತ್ತ ಕಗ್ಗ. ಸಾಗರ, ಸೊರಬ ಕಡೆಯ ನೆರೆಗೂಳಿ ತಾನು ಎಂಥ ನೆಲದ ಭತ್ತವೆಂಬುದನ್ನು ಹೆಸರಿನ ಮೊದಲ ಎರಡು ಅಕ್ಷರಗಳಲ್ಲಿಯೇ ಹೇಳುತ್ತದೆ. ಕರಿಗಿಜಿವಿಲಿಯ ಅಕ್ಕಿಗೆ ಬಾಣಂತಿಯ ಆರೈಕೆಯೊಡನೆ ನಂಟಿದೆ. ಗಂಧಸಾಲೆ ಪರಿಮಳದಿಂದ, ಆಲೂರು ಸಣ್ಣ ಊರಿನಿಂದ ಹೆಸರು ಪಡೆದಿವೆ. ಗಜನಿಗಳಲ್ಲಿ ಸಿಗಡಿ ಸಾಕಣೆ ಹರಡಿದಂತೆ ಕಗ್ಗದ ಬಿತ್ತನೆ ಕುಗ್ಗಿತು. ಕಡಲ ಮಟ್ಟ ಏರುತ್ತಿರುವ ಕಾಲದಲ್ಲಿ ಉಪ್ಪನ್ನು ತಾಳುವ ಒಂದು ಬೀಜವನ್ನು ಕಳೆದುಕೊಳ್ಳುವುದೆಂದರೆ ಏನೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಹೆಸರುಗಳನ್ನು ಮುಗ್ಧವಾಗಿ ನಂಬುವಂತೆಯೂ ಇಲ್ಲ. ಒಂದೇ ತಳಿಗೆ ನಾಲ್ಕು ಊರುಗಳಲ್ಲಿ ನಾಲ್ಕು ಹೆಸರುಗಳಿರಬಹುದು. ಒಂದೇ ಹೆಸರಿನಡಿ ಎರಡು ಬೇರೆ ತಳಿಗಳಿರಬಹುದು. ಹೆಸರುಗಳ ಪಟ್ಟಿಯ ಉದ್ದವೇ ವೈವಿಧ್ಯದ ಅಳತೆಯಲ್ಲ. ಸಸ್ಯವಿಜ್ಞಾನಿಯ ನೆರವಿಲ್ಲದೆ ಜಾನಪದ ತಜ್ಞ ಇದನ್ನು ಬಿಡಿಸಲಾರ. ಹೆಸರಿನ ಹಿಂದಿನ ಬಳಕೆಯನ್ನು ತಿಳಿಯದೆ ಸಸ್ಯವಿಜ್ಞಾನಿಯೂ ಬಿಡಿಸಲಾರ.

3. ಹಾಡಿನ ಸಂಗ್ರಹ, ಬೀಜದ ಸಂಗ್ರಹ

ಹಲಸಂಗಿ ಗೆಳೆಯರು 1931ರಲ್ಲಿ ಹೊರತಂದ ‘ಗರತಿಯ ಹಾಡು’ ಕನ್ನಡದ ಮಟ್ಟಿಗೆ ಹೆಣ್ಣಿನ ದನಿಗೆ ದೊರೆತ ದೊಡ್ಡ ಮನ್ನಣೆ. ಅನಂತರದ ದಶಕಗಳಲ್ಲಿ ಬೀಸುವ, ಕುಟ್ಟುವ, ನಾಟಿ ಮಾಡುವ, ಹಂತಿ ಹೊಡೆಯುವ ಪದಗಳ ಸಂಕಲನಗಳು ನಾಡಿನ ಎಲ್ಲ ಭಾಗಗಳಿಂದ ಬಂದವು. ಈ ದುಡಿಮೆಯ ಋಣವನ್ನು ಅಲ್ಲಗಳೆಯುವಂತಿಲ್ಲ. ಆದರೆ ಸಂಗ್ರಹದ ಪ್ರಧಾನ ಒಲವು ಪಠ್ಯದ ಕಡೆಗೆ ಇತ್ತು. ಕಲ್ಲಿನ ಬಾಯಿಗೆ ಹಾಕಿದ ಕಾಳು ಯಾವುದು, ಅದು ಯಾವ ಹೊಲದಿಂದ ಬಂದುದು, ಅದರ ಬೀಜ ತವರಿನಿಂದ ಬಂದಿತೆ ಅಥವಾ ನೆರೆಮನೆಯಿಂದಲೆ ಎಂಬ ವಿವರಗಳಿಗೆ ಆ ಸಂಕಲನಗಳಲ್ಲಿ ಸ್ಥಾನ ಅಪರೂಪ. ಅಲನ್ ಡಂಡೆಸ್ 1964ರಲ್ಲಿಯೇ ಪಠ್ಯದೊಡನೆ ಸಂದರ್ಭವನ್ನೂ ದಾಖಲಿಸಬೇಕೆಂದು ಒತ್ತಿ ಹೇಳಿದ್ದರು. ಕನ್ನಡದಲ್ಲಿ ಆ ಮಾತು ಸಿದ್ಧಾಂತವಾಗಿ ಬೇಗ ಸ್ವೀಕೃತವಾಯಿತು, ಕ್ಷೇತ್ರಕಾರ್ಯದ ಪದ್ಧತಿಯಾಗಿ ತಡವಾಗಿ ಬಂದಿತು. ಅಷ್ಟರಲ್ಲಿ ಬೀಸುವ ಕಲ್ಲೂ ಬೀಜದ ಮಡಕೆಯೂ ಅನೇಕ ಮನೆಗಳಿಂದ ಕಣ್ಮರೆಯಾಗಿದ್ದವು.

ಇದಕ್ಕೆ ವಿರುದ್ಧವಾದ ಇನ್ನೊಂದು ಅತಿರೇಕವೂ ಇತ್ತೀಚೆಗೆ ಕಾಣುತ್ತಿದೆ. ಪ್ರತಿಯೊಂದು ಆಚರಣೆಯಲ್ಲಿಯೂ ವಿಜ್ಞಾನವನ್ನು ಹುಡುಕುವ ಉತ್ಸಾಹ ಅದು. ಉತ್ತರ ಕರ್ನಾಟಕದಲ್ಲಿ ಮಹಾನವಮಿಗೆ ಮಣ್ಣಿನಲ್ಲಿ ಬಗೆಬಗೆಯ ಕಾಳುಗಳನ್ನು ಬಿತ್ತಿ ಸಸಿ ಎಬ್ಬಿಸುವ ಘಟ್ಟದ ಆಚರಣೆಯನ್ನು ಮೊಳಕೆ ಪರೀಕ್ಷೆಯೆಂದು ವಿವರಿಸುವುದು ಇದಕ್ಕೆ ಉದಾಹರಣೆ. ಹಿಂಗಾರು ಬಿತ್ತನೆಯ ಹೊಸ್ತಿಲಲ್ಲಿ ಬರುವುದರಿಂದ ಅಲ್ಲಿ ಈ ವಿವರಣೆಗೆ ಒಂದಿಷ್ಟು ಬಲವಿದೆ. ಮುಂಗಾರಿನಲ್ಲಿ ರಾಗಿ ಬಿತ್ತುವ ಸೀಮೆಗೆ ಅದೇ ವಿವರಣೆಯನ್ನು ಅನ್ವಯಿಸಲಾಗದು. ಎಳ್ಳಮಾವಾಸ್ಯೆಯ ಚರಗ, ಮಲೆನಾಡಿನ ಭೂಮಿ ಹುಣ್ಣಿಮೆ, ಕೊಡಗಿನ ಪುತ್ತರಿಗಳು ಬೆಳೆಯೊಡನೆ ಹೆಣೆದುಕೊಂಡಿವೆ ನಿಜ. ಆದರೆ ಆ ಸಂಬಂಧ ಭಕ್ತಿಯದೂ ಹೌದು, ಬಾಂಧವ್ಯದ್ದೂ ಹೌದು. ಯಾವ ಹಬ್ಬಕ್ಕೆ ಯಾವ ತಳಿಯ ಅಕ್ಕಿಯೇ ಬೇಕೆಂದು ಮನೆಯ ಹಿರಿಯಳು ಹಟ ಹಿಡಿಯುತ್ತಾಳೋ ಅಲ್ಲಿ ಆಚರಣೆ ಒಂದು ತಳಿಯನ್ನು ಹೊಲದಲ್ಲಿ ಉಳಿಸುತ್ತದೆ. ಇದನ್ನು ಅವಳನ್ನು ಕೇಳಿ ತಿಳಿಯಬೇಕೇ ಹೊರತು ಊಹಿಸಿ ಬರೆಯಬಾರದು.

4. ಸೆರೆ ಮತ್ತು ಬಿಡುಗಡೆ

ಬೀಜ ಸಂಗ್ರಹದ ಆಧುನಿಕ ಇತಿಹಾಸವೂ ಒಂದು ಸೆರೆಮನೆಯ ನೆನಪಿನಿಂದ ಬಿಡಿಸಿಕೊಂಡಿಲ್ಲ. ಜಗತ್ತನ್ನು ಸುತ್ತಿ ಬೆಳೆಗಳ ತಳಿಗಳನ್ನು ಕಲೆಹಾಕಿದ ರಷ್ಯದ ನಿಕೊಲಾಯ್ ವಾವಿಲೋವ್ 1943ರಲ್ಲಿ ಸರಟೋವ್‌ನ ಸೆರೆಮನೆಯಲ್ಲಿ ತೀರಿಕೊಂಡರು. ಲೆನಿನ್‌ಗ್ರಾಡ್ ಮುತ್ತಿಗೆಯ ದಿನಗಳಲ್ಲಿ ಅವರ ಸಂಸ್ಥೆಯ ಹಲವು ವಿಜ್ಞಾನಿಗಳು ಬೀಜದ ಚೀಲಗಳ ನಡುವೆಯೇ ಹಸಿವಿನಿಂದ ಸತ್ತರು, ಬೀಜವನ್ನು ತಿನ್ನಲಿಲ್ಲ. ಆ ಪರಂಪರೆ ಇಂದು ಬಹುದೊಡ್ಡದಾಗಿ ಬೆಳೆದಿದೆ. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯ 2010ರ ವರದಿಯಂತೆ ಜಗತ್ತಿನ ಸುಮಾರು 1750 ಜೀನ್ ಬ್ಯಾಂಕುಗಳಲ್ಲಿ 74 ಲಕ್ಷದಷ್ಟು ಮಾದರಿಗಳಿದ್ದವು. ದೆಹಲಿಯ ರಾಷ್ಟ್ರೀಯ ಸಸ್ಯ ತಳಿ ಸಂಪನ್ಮೂಲ ಸಂಸ್ಥೆಯ ಸಂಗ್ರಹ 4 ಲಕ್ಷವನ್ನು ಮೀರಿದೆ. ಸಿರಿಯಾದ ಯುದ್ಧದಿಂದ ಅಲೆಪ್ಪೊ ಬಳಿಯ ಸಂಗ್ರಹ ಕೈತಪ್ಪಿದಾಗ, 2008ರಲ್ಲಿ ತೆರೆದಿದ್ದ ನಾರ್ವೆಯ ಸ್ವಾಲ್‌ಬಾರ್ಡ್ ಬೀಜಕೋಠಿಯಿಂದ 2015ರಲ್ಲಿ ಮಾದರಿಗಳನ್ನು ಹಿಂಪಡೆದು ಮತ್ತೆ ಬೆಳೆಸಲಾಯಿತು. ಹೀಗಿರುವಾಗ ಜೀನ್ ಬ್ಯಾಂಕನ್ನು ನಿರರ್ಥಕವೆಂದು ತಳ್ಳಿಹಾಕುವುದು ಅವಿವೇಕ.

ಅದರ ಮಿತಿಯನ್ನು ಮಾತ್ರ ತಿಳಿದಿರಬೇಕು. ಶೈತ್ಯಾಗಾರದ ಬೀಜ ಸಂಗ್ರಹವಾದ ದಿನದಲ್ಲಿಯೇ ನಿಂತಿರುತ್ತದೆ. ಹೊಲದ ಬೀಜ ಮಳೆಯ ಏರುಪೇರನ್ನು, ಹೊಸ ರೋಗವನ್ನು, ರೈತನ ಆಯ್ಕೆಯನ್ನು ಎದುರಿಸುತ್ತ ಬದಲಾಗುತ್ತದೆ. ಮುದ್ರಿತ ಹಾಡಿಗೂ ಹಾಡುವ ಹಾಡಿಗೂ ಇರುವ ಅಂತರವೇ ಇದು. ಸಂಕಲನದಲ್ಲಿರುವ ಹಾಡು ಅಳಿಯುವುದಿಲ್ಲ, ಬೆಳೆಯುವುದೂ ಇಲ್ಲ. ಜಾನಪದ ಅಧ್ಯಯನ ತನ್ನ ಸಂಗ್ರಹಗಳ ಬಗೆಗೆ ಕಲಿತ ಪಾಠ ಬೀಜದ ವಿಷಯಕ್ಕೂ ಹೊಂದುತ್ತದೆ: ಕೋಠಿಯೂ ಬೇಕು, ಕಣವೂ ಬೇಕು. ಮಂಡ್ಯ ಜಿಲ್ಲೆಯ ಕಿರುಗಾವಲಿನಲ್ಲಿ ಸೈಯದ್ ಘನಿ ಖಾನ್ ಅವರು ನೂರಾರು ಭತ್ತದ ತಳಿಗಳನ್ನು ವರ್ಷವರ್ಷವೂ ಬಿತ್ತಿ ಉಳಿಸುತ್ತಿರುವುದು, ಸಹಜ ಸಮೃದ್ಧದಂಥ ಬಳಗಗಳು ದೇಸಿ ಬೀಜಮೇಳಗಳ ಮೂಲಕ ವಿನಿಮಯವನ್ನು ಮತ್ತೆ ಚಾಲನೆಗೆ ತಂದಿರುವುದು ಕಣದ ಕೆಲಸಕ್ಕೆ ನಿದರ್ಶನಗಳು.

ಇಲ್ಲಿ ‘ದೇಸಿ’ ಎಂಬ ಪದದ ಬಗೆಗೂ ಎಚ್ಚರ ಅಗತ್ಯ. ರಾಮಧಾನ್ಯವೆಂದು ಹೆಸರಾದ ರಾಗಿಯ ತವರು ಪೂರ್ವ ಆಫ್ರಿಕದ ಎತ್ತರದ ನಾಡು. ಸಾವಿರಾರು ವರ್ಷಗಳ ಹಿಂದೆ ಬಂದ ಆ ಧಾನ್ಯವನ್ನು ಇಲ್ಲಿನ ಕೈಗಳು ನೂರು ಬಗೆಯಾಗಿ ಬೆಳೆಸಿದವು. ಮಂಡ್ಯದ ವಿ.ಸಿ. ಫಾರಂನಲ್ಲಿ ದುಡಿದ ತಳಿವಿಜ್ಞಾನಿ ಲಕ್ಷ್ಮಣಯ್ಯನವರು ಭಾರತದ ಮತ್ತು ಆಫ್ರಿಕದ ರಾಗಿಗಳನ್ನು ಕೂಡಿಸಿ ರೂಪಿಸಿದ ತಳಿಗಳಿಗೆ ಇಂಡಾಫ್ ಎಂಬ ಹೆಸರೇ ಬಂದಿತು. ಬೆಂಕಿರೋಗವನ್ನು ತಾಳುವ ಜಿಪಿಯು-28ರ ವಂಶಾವಳಿಯಲ್ಲಿಯೂ ಇಂಡಾಫ್ ಇದೆ. ಅಧಿಕ ಇಳುವರಿಯ ತಳಿಗಳು ರೈತನ ಹಗೆಗಳಲ್ಲ. ಅವು ರೈತರು ಕಾಪಾಡಿದ ವೈವಿಧ್ಯದ ಮಕ್ಕಳು. ಮಕ್ಕಳು ಮನೆಯನ್ನೆಲ್ಲ ತುಂಬಿಕೊಂಡು ಹೆತ್ತವರಿಗೆ ಜಾಗವಿಲ್ಲವಾದಾಗ ತೊಡಕು ಹುಟ್ಟುತ್ತದೆ. ನಾಳೆ ಹೊಸ ರೋಗ ಬಂದರೆ ಅದನ್ನು ತಾಳುವ ಗುಣವನ್ನು ಹುಡುಕಲು ಹೋಗಬೇಕಾದುದು ಆ ಹಳೆಯ ತಳಿಗಳ ಬಳಿಗೇ.

5. ಅಧ್ಯಯನದ ಹೊಣೆ

ಕಾನೂನು ಈ ದಿಕ್ಕಿನಲ್ಲಿ ಕೆಲವು ಬಾಗಿಲುಗಳನ್ನು ತೆರೆದಿದೆ. 2001ರ ಸಸ್ಯ ತಳಿಗಳ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯ್ದೆ ಬೀಜವನ್ನು ಉಳಿಸುವ, ಬಿತ್ತುವ, ಹಂಚಿಕೊಳ್ಳುವ ಹಕ್ಕನ್ನು ರೈತನಿಗೆ ಕೊಟ್ಟು, ಬ್ರ್ಯಾಂಡ್ ಹಾಕದೆ ಮಾರಲೂ ಅವಕಾಶ ಮಾಡಿತು. ರೈತರ ತಳಿಗಳ ನೋಂದಣಿಗೂ ಎಡೆಯಿತ್ತಿತು. 2002ರ ಜೀವವೈವಿಧ್ಯ ಕಾಯ್ದೆಯ ಚೌಕಟ್ಟಿನಲ್ಲಿ ಊರೂರಿಗೆ ಜನತಾ ಜೀವವೈವಿಧ್ಯ ದಾಖಲಾತಿ ಸಿದ್ಧವಾಗಬೇಕಾಯಿತು. ಇಂಥ ದಾಖಲಾತಿ ನಮೂನೆಯ ಅಂಕಣಗಳನ್ನು ತುಂಬುವ ಕೆಲಸವಷ್ಟೇ ಆಗಬಾರದಾದರೆ, ಹೆಸರುಗಳ ಅರ್ಥ, ಅಡುಗೆಯ ಬಳಕೆ, ಹಬ್ಬದ ಸಂಬಂಧ, ಬೀಜ ಕೈಬದಲಾದ ದಾರಿ ಇವೆಲ್ಲ ಅದರೊಳಗೆ ಬರಬೇಕು. ಅದಕ್ಕೆ ತಕ್ಕ ತರಬೇತಿ ಜಾನಪದ ಕ್ಷೇತ್ರಕಾರ್ಯಕರ್ತನಿಗೆ ಇದೆ.

ಹೊಣೆಯ ಇನ್ನೊಂದು ಮುಖ ಇದಕ್ಕಿಂತ ಕಠಿಣವಾದುದು. ಹಾಡನ್ನು ಕೊಟ್ಟವಳಿಗೆ ಸಂಕಲನದ ಒಂದು ಪ್ರತಿಯೂ ತಲುಪದ ಉದಾಹರಣೆಗಳು ಕ್ಷೇತ್ರಕಾರ್ಯದ ಇತಿಹಾಸದಲ್ಲಿ ವಿರಳವಲ್ಲ. ಬೀಜದ ವಿಷಯದಲ್ಲಿ ಆ ಉದಾಸೀನ ಮರುಕಳಿಸಿದರೆ ನಷ್ಟ ಕೇವಲ ಗೌರವದ್ದಾಗಿರುವುದಿಲ್ಲ. ತಿಳಿವಳಿಕೆಯನ್ನು ಪಡೆಯುವಾಗ ಒಪ್ಪಿಗೆ, ದಾಖಲಿಸುವಾಗ ಹೆಸರು, ಮುಗಿಸಿದ ಮೇಲೆ ಊರಿಗೆ ಮರಳಿಕೆ – ಈ ಮೂರು ಅಧ್ಯಯನದ ನಿಯಮಗಳಾಗಬೇಕು. ಕೊಟ್ಟ ಬೀಜವನ್ನು ಬೆಳೆದು ಮರಳಿಸುವುದು ಹಳ್ಳಿಯ ಹಳೆಯ ಕಡದ ರೀತಿ. ಸಂಶೋಧನೆಗೂ ಅದಕ್ಕಿಂತ ಉತ್ತಮವಾದ ನೀತಿ ಬೇಕಿಲ್ಲ.

‘ರಾಮಧಾನ್ಯ ಚರಿತ್ರೆ’ಯಲ್ಲಿ ಧಾನ್ಯಗಳು ಸೆರೆಯಿಂದ ಹೊರಬರುತ್ತವೆ. ಗೆದ್ದವನಿಗೆ ಹೆಸರು ದೊರೆಯುತ್ತದೆ, ಸೋತ ವ್ರೀಹಿಗೂ ಸಮಾಧಾನದ ಮಾತು ದೊರೆಯುತ್ತದೆ. ಸಭೆಯಲ್ಲಿದ್ದ ಹಾರಕ, ಬರಗು, ಸಾಮೆಗಳ ಮಾತು ಮಾತ್ರ ಉಳಿದೇ ಹೋಯಿತು. ಆ ಮಾತನ್ನು ಕೇಳಿಸಿಕೊಳ್ಳುವ ಕೆಲಸ ವಿಮರ್ಶೆಗೂ ಜಾನಪದಕ್ಕೂ ಇನ್ನೂ ಬಾಕಿಯಿದೆ. ಹಾಡಿನ ಪುಸ್ತಕದ ಮುಂದಿನ ಆವೃತ್ತಿಯಲ್ಲಿ ಹಾಡಿನ ಕೆಳಗೆ ಹಾಡಿದವಳ ಹೆಸರಿನ ಜೊತೆಗೆ ಅವಳ ಮಡಕೆಯ ಬೀಜದ ಹೆಸರೂ ಅಚ್ಚಾದರೆ, ಆ ಕೆಲಸ ಮೊದಲಾಯಿತೆಂದು ಭಾವಿಸಬಹುದು.