ಕೊಂಕಣಪುರವೂ ಆನೆಗೊಂದಿಯೂ: ಒಂದು ವಿಮರ್ಶೆ

ಚೀನಾ ದೇಶದ ಬೌದ್ಧಯತಿ ಹ್ಯೂಯೆನ್‌ತ್ಸಾಂಗನು ಭರತಖಂಡದ ಸಂಚಾರವನ್ನು ಮುಗಿಸಿ ೬೪೫ರಲ್ಲಿ ಸ್ವದೇಶಕ್ಕೆ ಹಿಂದಿರುಗಿದನೆಂಬುದೂ, ಮರುವರ್ಷ ತನ್ನ ಪ್ರವಾಸದ ವೃತ್ತಾಂತವನ್ನು ಟ್ಯಾಂಗ್ ವಂಶದ ಚಕ್ರವರ್ತಿ ತೈತ್ಸುಂಗನಿಗೆ ಒಪ್ಪಿಸಿದನೆಂಬುದೂ ಸುವಿದಿತವಾದ ಸಂಗತಿ. ಈ ವೃತ್ತಾಂತದಲ್ಲಿ ಕರ್ಣಾಟಕಕ್ಕೆ ಸಂಬಂಧಿಸಿದುದೆಂದು ವಿದ್ವಾಂಸರು ಎಣಿಸಿರುವ ಭಾಗಗಳು ಮುಖ್ಯವಾಗಿ ಎರಡು. ಒಂದು, ಪುಲಕೇಶಿಯ ಮಹಾರಾಷ್ಟ್ರದ ವರ್ಣನೆ. ಇನ್ನೊಂದು, ಅದಕ್ಕೆ ಹಿಂದೆಯೇ ಬರುವ ಕೊಂಕಣಪುರದ ವರ್ಣನೆ. ಈ ಕೊಂಕಣಪುರವು ಗಂಗಾವತಿ ತಾಲ್ಲೂಕಿನ ಆನೆಗೊಂದಿಯೇ ಎಂದು ಕನ್ನಿಂಗ್‌ಹ್ಯಾಮನು ೧೮೭೧ರಲ್ಲಿ ಪ್ರಕಟವಾದ ತನ್ನ ಪ್ರಾಚೀನ ಭೂಗೋಳ ಗ್ರಂಥದಲ್ಲಿ ಊಹಿಸಿದನು. ಕೊಪ್ಪಳ ಸೀಮೆಯ ವಿದ್ಯಾರ್ಥಿಗಳಿಗೆ ಇತಿಹಾಸವನ್ನು ಬೋಧಿಸುವವರಿಗೆ ಇದಕ್ಕಿಂತ ಪ್ರಿಯವಾದ ಊಹೆ ಬೇರೊಂದಿಲ್ಲ. ನಾವೂ ಕೆಲವು ವರ್ಷ ಇದನ್ನು ನಿಶ್ಚಿತ ಸಂಗತಿಯೆಂಬಂತೆಯೇ ತರಗತಿಯಲ್ಲಿ ಹೇಳಿದ್ದೇವೆ. ಆ ತಪ್ಪನ್ನು ತಿದ್ದಿಕೊಳ್ಳುವುದಕ್ಕಾಗಿಯೇ ಈ ಲೇಖನವನ್ನು ಬರೆಯುತ್ತಿದ್ದೇವೆ.

ಮೊದಲು ಯಾತ್ರಿಕನ ಮಾತಿನ ಸಾರಾಂಶವನ್ನು ನೋಡೋಣ. ಕಾಂಚೀಪುರವು ರಾಜಧಾನಿಯಾಗಿದ್ದ ದ್ರಾವಿಡ ದೇಶದಿಂದ ಹೊರಟು, ಕಾಡುಗಳನ್ನೂ ವಿರಳವಾದ ಊರುಗಳನ್ನೂ ದಾಟಿ ಎರಡು ಸಾವಿರ ‘ಲೀ’ಗೂ ಮಿಗಿಲಾದ ದೂರವನ್ನು ಕ್ರಮಿಸಿದ ಮೇಲೆ ಕೊಂಕಣಪುರ ದೇಶವು ಸಿಗುತ್ತದೆ. ಅದರ ಸುತ್ತಳತೆ ಐದು ಸಾವಿರ ಲೀ. ರಾಜಧಾನಿಯದು ಮೂವತ್ತು ಲೀ. ಅಲ್ಲಿ ನೂರಕ್ಕೂ ಹೆಚ್ಚು ಸಂಘಾರಾಮಗಳೂ ಹತ್ತು ಸಾವಿರದಷ್ಟು ಭಿಕ್ಷುಗಳೂ ಇದ್ದರು; ದೇವಾಲಯಗಳು ಹಲವು ನೂರು. ಅರಮನೆಯ ಪಕ್ಕದ ದೊಡ್ಡ ವಿಹಾರದಲ್ಲಿ ಸಿದ್ಧಾರ್ಥ ಕುಮಾರನ ಕಿರೀಟವನ್ನು ರತ್ನಖಚಿತವಾದ ಪೆಟ್ಟಿಗೆಯಲ್ಲಿ ಇರಿಸಿ ಹಬ್ಬದ ದಿನಗಳಲ್ಲಿ ಪೂಜಿಸುತ್ತಿದ್ದರು. ಮತ್ತೊಂದು ವಿಹಾರದಲ್ಲಿ ಗಂಧದ ಮರದ ಮೈತ್ರೇಯ ವಿಗ್ರಹವಿತ್ತು. ನಗರದ ಉತ್ತರಕ್ಕೆ ವಿಶಾಲವಾದ ತಾಳೆಯ ವನವಿದ್ದು, ಅದರ ಎಲೆಗಳನ್ನು ಎಲ್ಲ ದೇಶಗಳಲ್ಲಿಯೂ ಬರೆಯಲು ಉಪಯೋಗಿಸುತ್ತಿದ್ದರು. ನೈಋತ್ಯಕ್ಕೆ ಅಶೋಕನು ಕಟ್ಟಿಸಿದನೆನ್ನುವ ಸ್ತೂಪವೊಂದಿತ್ತು. ಅಲ್ಲಿಂದ ವಾಯವ್ಯಕ್ಕೆ, ದುಷ್ಟಮೃಗಗಳೂ ಕಳ್ಳರೂ ತುಂಬಿದ ಮಹಾರಣ್ಯದ ಮೂಲಕ ಎರಡು ಸಾವಿರದ ನಾನೂರು ಲೀ ದೂರ ನಡೆದರೆ ಮಹಾರಾಷ್ಟ್ರ.

ಕನ್ನಿಂಗ್‌ಹ್ಯಾಮನ ವಾದಕ್ಕೆ ಮುಖ್ಯ ಆಧಾರ ದೂರದ ಲೆಕ್ಕ. ಆರು ಲೀಗೆ ಒಂದು ಮೈಲಿಯಂತೆ ಎರಡು ಸಾವಿರ ಲೀ ಎಂದರೆ ೩೩೩ ಮೈಲಿ. ಕಂಚಿಯಿಂದ ಆನೆಗೊಂದಿಗೆ ನೇರ ಅಳತೆ ಸುಮಾರು ೨೭೫ ಮೈಲಿ. ದಾರಿಯ ಬಳಸನ್ನು ಸೇರಿಸಿದರೆ ಲೆಕ್ಕವು ಹೆಚ್ಚುಕಡಮೆ ಸರಿಹೋಗುತ್ತದೆ. ಆದರೆ ಲೆಕ್ಕ ಸರಿಹೋಗಬೇಕಾದರೆ ದಿಕ್ಕೂ ಸರಿಯಾಗಿರಬೇಕಷ್ಟೆ. ವೃತ್ತಾಂತವು ಉತ್ತರಕ್ಕೆ ಎನ್ನುತ್ತದೆ. ಶಿಷ್ಯ ಹ್ವುಯಿಲಿ ಬರೆದ ಜೀವನಚರಿತೆಯು ವಾಯವ್ಯಕ್ಕೆ ಎನ್ನುತ್ತದೆ. ಆನೆಗೊಂದಿಗೆ ಎರಡನೆಯದೇ ಬೇಕು. ಬೇಕಾದುದನ್ನು ಆರಿಸಿಕೊಂಡು, ಆರಿಸಿದುದನ್ನೇ ಪ್ರಮಾಣವೆನ್ನುವುದು ತರ್ಕದಲ್ಲಿ ನಿಲ್ಲುವ ಮಾತಲ್ಲ. ಅಲ್ಲದೆ ಆನೆಗೊಂದಿಯ ಹಿರಿಮೆಗೆ ನಮಗಿರುವ ಸಾಕ್ಷ್ಯವೆಲ್ಲ ವಿಜಯನಗರದ ಕಾಲದ ಆಸುಪಾಸಿನದು. ಅದನ್ನು ಏಳು ನೂರು ವರ್ಷ ಹಿಂದಕ್ಕೆ ಒಯ್ಯಲು ಕಾರಣಗಳು ಬೇಕು.

ಇದಕ್ಕಿಂತ ಬಲವಾದ ಆಕ್ಷೇಪಣೆ ರಾಜಕೀಯ ಇತಿಹಾಸದಿಂದ ಬರುತ್ತದೆ. ಆನೆಗೊಂದಿಯಿಂದ ಬಾದಾಮಿಗೆ ನೇರ ಅಳತೆಯಲ್ಲಿ ನೂರಹತ್ತು ಕಿಲೋಮೀಟರು ಸಹ ಇಲ್ಲ. ಯಾತ್ರಿಕನು ಬಂದ ಕಾಲಕ್ಕೆ ಈ ಸೀಮೆಯ ಒಡೆಯನು ಇಮ್ಮಡಿ ಪುಲಕೇಶಿಯೇ. ಹಾಗಿದ್ದರೆ ಅರಮನೆಯುಳ್ಳ ಬೇರೊಂದು ರಾಜ್ಯವು ಇಲ್ಲಿ ಹೇಗೆ ಇದ್ದೀತು? ಮಹಾರಾಷ್ಟ್ರದ ಅರಸನನ್ನು ಹೆಸರಿಸಿ ಕೊಂಡಾಡಿದ ಯಾತ್ರಿಕನು ಕೊಂಕಣಪುರದ ಅರಸನ ಹೆಸರನ್ನೇ ಎತ್ತುವುದಿಲ್ಲ. ಅವನು ಹೇಳುವ ಮಹಾರಾಷ್ಟ್ರದ ರಾಜಧಾನಿ ಬಾದಾಮಿಯಲ್ಲ, ನಾಸಿಕವೋ ಮತ್ತೊಂದೋ ಆಗಿರಬಹುದೆಂದು ಸಮಾಧಾನ ಹೇಳಬಹುದು. ದೂರದ ಮಟ್ಟಿಗೆ ಅದು ಸಲ್ಲುತ್ತದೆ. ಆದರೆ ಪುಲಕೇಶಿಯ ಸ್ವಂತ ನಾಡಿನ ನಡುವೆ ಪರರಾಜ್ಯವೊಂದು ಹೇಗೆ ಬಂದಿತೆಂಬ ಪ್ರಶ್ನೆಗೆ ಅದರಿಂದ ಉತ್ತರ ದೊರೆಯುವುದಿಲ್ಲ. ಬನವಾಸಿಯೇ ಕೊಂಕಣಪುರವೆಂದ ವಿವಿಯೆನ್ ದ ಸೇಂಟ್ ಮಾರ್ಟಿನನ ಮತಕ್ಕೂ ಇದೇ ಆಕ್ಷೇಪಣೆ ತಗಲುತ್ತದೆ. ಬನವಾಸಿಯನ್ನು ಪುಲಕೇಶಿಯು ಗೆದ್ದನೆಂದು ಐಹೊಳೆಯ ಶಾಸನವೇ ಹೇಳುತ್ತದೆ.

ಆನೆಗೊಂದಿ ಅಲ್ಲದಿದ್ದರೆ ಕೊಪ್ಪಳವೇ ಏಕಾಗಬಾರದು ಎಂಬ ಪ್ರಶ್ನೆ ಇಲ್ಲಿ ಏಳುವುದು ಸಹಜ. ಕೊಪಣ, ಕೊಂಕಣ ಎಂಬ ಹೆಸರುಗಳ ಹೋಲಿಕೆ ಕಿವಿಗೆ ಹಿತವಾಗಿದೆ. ಆದರೆ ಚೀನೀ ಪಾಠದ ಅಕ್ಷರಗಳನ್ನು ಪಾಶ್ಚಾತ್ಯ ವಿದ್ವಾಂಸರು ‘ಕೊಂಗ್-ಕಿನ್-ನ-ಪು-ಲೊ’ ಎಂದು ಓದಿದ್ದಾರೆ. ಕೊನೆಯ ಎರಡು ಅಕ್ಷರಗಳು ‘ಪುರ’ ಶಬ್ದವನ್ನು ಸೂಚಿಸುತ್ತವೆ. ಉಳಿದುದರಲ್ಲಿ ಎರಡನೆಯ ವ್ಯಂಜನ ಕಕಾರ. ಕೊಪಣದಲ್ಲಾದರೋ ಅದು ಪಕಾರ. ಚೀನೀಯರಿಗೆ ಪಕಾರವನ್ನು ಬರೆಯುವ ಬಗೆ ತಿಳಿದಿರಲಿಲ್ಲವೆನ್ನುವಂತಿಲ್ಲ, ಅದೇ ಹೆಸರಿನ ‘ಪು’ ಎಂಬಲ್ಲಿ ಅದು ಇದ್ದೇ ಇದೆ. ಆದ್ದರಿಂದ ಈ ಹೋಲಿಕೆಯು ಕನ್ನಡದ ಕಿವಿಗೆ ಕೇಳಿಸುವುದೇ ಹೊರತು ಮೂಲಪಾಠದಲ್ಲಿ ಇಲ್ಲ.

ಇನ್ನು ಅಶೋಕನ ಸ್ತೂಪದ ಮಾತು. ೧೯೩೧ರಲ್ಲಿ ಕೊಪ್ಪಳದ ಗವಿಮಠದಲ್ಲಿಯೂ ಪಾಲ್ಕಿಗುಂಡುವಿನಲ್ಲಿಯೂ ಅಶೋಕನ ಶಾಸನಗಳು ದೊರೆತವು. ಕನ್ನಿಂಗ್‌ಹ್ಯಾಮನಿಗೆ ಇವು ತಿಳಿದಿರಲಿಲ್ಲ. ತಿಳಿದಿದ್ದರೆ ಅವನ ಉತ್ಸಾಹವು ಇಮ್ಮಡಿಯಾಗುತ್ತಿತ್ತು. ಆದರೆ ಬಂಡೆಯ ಮೇಲಿನ ಬರಹವು ಸ್ತೂಪವಲ್ಲ. ಅಶೋಕನಿಗೂ ಹ್ಯೂಯೆನ್‌ತ್ಸಾಂಗನಿಗೂ ನಡುವೆ ಸುಮಾರು ಒಂಬತ್ತು ನೂರು ವರ್ಷಗಳ ಅಂತರವಿದೆ. ಆ ಬಳಿಕ ಕೊಪಣಕ್ಕೆ ಕೀರ್ತಿ ಬಂದುದು ಜೈನತೀರ್ಥವೆಂದು. ಒಂಬತ್ತನೆಯ ಶತಮಾನದ ಕವಿರಾಜಮಾರ್ಗವು ಕನ್ನಡದ ತಿರುಳಿನ ನಾಡನ್ನು ಗುರುತಿಸುವಾಗ ಹೆಸರಿಸುವ ನಾಲ್ಕು ಸ್ಥಳಗಳಲ್ಲಿ ಕೊಪಣವೂ ಒಂದು. ಇಲ್ಲಿನ ಶಾಸನಗಳಲ್ಲಿ ಜಿನಭಕ್ತರ ಹೆಸರುಗಳು ತುಂಬಿವೆ. ನೂರು ಸಂಘಾರಾಮಗಳಿದ್ದ ನೆಲವು ಏನನ್ನು ಉಳಿಸಿಹೋಗುತ್ತದೆಂಬುದನ್ನು ತಿಳಿಯಬೇಕಾದರೆ ಕಲಬುರಗಿ ಜಿಲ್ಲೆಯ ಸನ್ನತಿಯ ಬಳಿ ಕನಗನಹಳ್ಳಿಯಲ್ಲಿ ಅಗೆದು ತೆಗೆದ ಮಹಾಸ್ತೂಪದ ಶಿಲಾಫಲಕಗಳನ್ನು ನೋಡಬೇಕು. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಸೀಮೆಯಲ್ಲಿ ಅಂಥದು ಯಾವುದೂ ಈವರೆಗೆ ದೊರೆತಿಲ್ಲ.

ಹಾಗಾದರೆ ಚೀನೀ ಯಾತ್ರಿಕನಿಂದ ಈ ನಾಡಿಗೆ ಲಾಭವೇ ಇಲ್ಲವೇ? ನಿಶ್ಚಯವಾಗಿ ಉಂಟು. ಮಹಾರಾಷ್ಟ್ರದ ಅರಸ ‘ಪು-ಲೊ-ಕಿ-ಶೆ’ ಕ್ಷತ್ರಿಯನೆಂದೂ, ಉತ್ತರಾಪಥವನ್ನೆಲ್ಲ ಗೆದ್ದ ಹರ್ಷನಿಗೂ ಅವನ ಜನ ಮಣಿಯಲಿಲ್ಲವೆಂದೂ ಅವನು ಬರೆದನು. ೬೩೪ರ ಐಹೊಳೆಯ ಶಾಸನದಲ್ಲಿ ರವಿಕೀರ್ತಿಯೂ ಹರ್ಷನ ಸೋಲನ್ನು ಹೇಳುತ್ತಾನೆ. ಒಬ್ಬನು ಆಸ್ಥಾನಕ್ಕೆ ಸೇರಿದ ಜೈನಕವಿ. ಇನ್ನೊಬ್ಬನು ಹರ್ಷನ ಆದರಕ್ಕೆ ಪಾತ್ರನಾದ ಪರದೇಶದ ಬೌದ್ಧ. ಪರಸ್ಪರ ಅರಿಯದ ಈ ಇಬ್ಬರ ಮಾತು ಒಂದೆಡೆ ಕೂಡಿದಾಗ ಅದು ಇತಿಹಾಸವಾಗುತ್ತದೆ. ಕೊಂಕಣಪುರದ ವಿಷಯದಲ್ಲಿ ಇಂಥ ಎರಡನೆಯ ಸಾಕ್ಷಿ ಇಲ್ಲ. ಈ ಎರಡು ಪ್ರಕರಣಗಳ ಅಂತರವನ್ನು ವಿದ್ಯಾರ್ಥಿಗೆ ತೋರಿಸಿಕೊಡುವುದು ಊರಿನ ಹೆಸರೊಂದನ್ನು ಬಾಯಿಪಾಠ ಮಾಡಿಸುವುದಕ್ಕಿಂತ ಹೆಚ್ಚಿನ ಶಿಕ್ಷಣವೆಂದು ನಮ್ಮ ಅಭಿಪ್ರಾಯ.

ಇನ್ನೊಂದು ಮಾತು. ಹ್ಯೂಯೆನ್‌ತ್ಸಾಂಗನು ಬರೆದುದು ನಮಗಾಗಿ ಅಲ್ಲ. ಬುದ್ಧನ ನಾಡಿನಲ್ಲಿ ಧರ್ಮದ ಸ್ಥಿತಿ ಹೇಗಿದೆಯೆಂದು ತಿಳಿಯಬಯಸಿದ ತನ್ನ ದೇಶದವರಿಗಾಗಿ, ತನ್ನ ಅರಸನ ಅಪೇಕ್ಷೆಯಂತೆ ಅವನು ಬರೆದನು. ವಿಹಾರಗಳನ್ನು ಎಣಿಸಿದನು, ಪೂಜ್ಯವಸ್ತುಗಳನ್ನು ವರ್ಣಿಸಿದನು. ದೇವಾಲಯಗಳನ್ನು ಒಂದೇ ವಾಕ್ಯದಲ್ಲಿ ಮುಗಿಸಿದನು. ಈ ಗ್ರಂಥವನ್ನು ಚೀನೀಯರ ಧರ್ಮಜಿಜ್ಞಾಸೆಯ ಫಲವೆಂದು ಓದದೆ ನಮ್ಮ ಊರುಗಳ ಗೌರವಪತ್ರವೆಂದು ಓದಿದರೆ ಅವನಿಗೂ ಅನ್ಯಾಯ, ನಮಗೂ ನಷ್ಟ. ಚೀನೀ ಭಾಷೆಯನ್ನು ಬಲ್ಲ ಕನ್ನಡ ವಿದ್ವಾಂಸರು ಹೆಚ್ಚುವವರೆಗೆ ಫ್ರೆಂಚ್ ಮತ್ತು ಇಂಗ್ಲಿಷ್ ಅನುವಾದಗಳನ್ನೇ ನೆಚ್ಚಿರುವ ನಾವು ಇನ್ನಷ್ಟು ಎಚ್ಚರದಿಂದ ಇರತಕ್ಕದ್ದು.

ಒಟ್ಟಿನಲ್ಲಿ ಆನೆಗೊಂದಿಯ ಪಕ್ಷವು ಸಿದ್ಧವಾಗಿಲ್ಲ, ಕೊಪ್ಪಳದ ಪಕ್ಷವು ನಿಲ್ಲುವುದಿಲ್ಲ. ಮಸ್ಕಿಯಲ್ಲಿ ೧೯೧೫ರಲ್ಲಿ, ಸನ್ನತಿಯಲ್ಲಿ ೧೯೮೬ರಲ್ಲಿ ಆದಂತೆ ನೆಲದಿಂದ ಹೊಸ ಸಾಕ್ಷ್ಯ ಎದ್ದುಬಂದರೆ ಈ ತೀರ್ಮಾನವನ್ನು ಬದಲಿಸಲು ನಾವು ಸಿದ್ಧರಿದ್ದೇವೆ. ಅಲ್ಲಿಯವರೆಗೆ, ‘ಅವನು ನಮ್ಮ ಊರಿಗೆ ಬಂದಿದ್ದನೇ?’ ಎಂದು ಕೇಳುವ ವಿದ್ಯಾರ್ಥಿಗೆ ‘ಬಂದಿದ್ದನೆನ್ನಲು ಆಧಾರ ಸಾಲದು’ ಎಂದು ಉತ್ತರಿಸಿ, ಹಾಗೆನ್ನುವ ಕಾರಣಗಳನ್ನು ಅವನ ಮುಂದಿಡುವುದೇ ಅಧ್ಯಾಪಕನ ಕರ್ತವ್ಯ.