ಮಿತಾಕ್ಷರೆಯ ‘ಆದಿ’ ಶಬ್ದವೂ ಕುಷ್ಠನಿದಾನವೂ

ಯಾಜ್ಞವಲ್ಕ್ಯಸ್ಮೃತಿಯು ದಾಯಭಾಗಕ್ಕೆ ಅನರ್ಹರಾದವರನ್ನು ಎಣಿಸುವಲ್ಲಿ ಕ್ಲೀಬ, ಪತಿತ, ಉನ್ಮತ್ತ, ಅಂಧ ಮೊದಲಾದವರೊಡನೆ ಅಚಿಕಿತ್ಸ್ಯರೋಗಿಯನ್ನೂ ಸೇರಿಸಿದೆ. ಪರಿಹಾರವಿಲ್ಲದ ಯಕ್ಷ್ಮಾದಿ ರೋಗಗಳಿಂದ ಪೀಡಿತನಾದವನೆಂದು ವಿಜ್ಞಾನೇಶ್ವರನು ಅದಕ್ಕೆ ಅರ್ಥವಿಟ್ಟನು. ಕುಷ್ಠದ ಹೆಸರನ್ನು ಇಲ್ಲಿ ಅವನು ಎತ್ತಿಲ್ಲ. ಈ ವಾಕ್ಯದೊಳಕ್ಕೆ ಕುಷ್ಠವು ಬರುವುದಾದರೆ ‘ಆದಿ’ ಎಂಬ ಎರಡಕ್ಷರದ ಬಾಗಿಲಿನಿಂದಲೇ ಬರಬೇಕು.

ಅವನು ಕೊಂಡಾಡಿದ ಕಲ್ಯಾಣವೇ ಇಂದಿನ ಬಸವಕಲ್ಯಾಣ. ಅವನ ಅರಸನು ಆರನೆಯ ವಿಕ್ರಮಾದಿತ್ಯ (1076–1126). ನೆರೆಯ ಹುಮನಾಬಾದು ತಾಲ್ಲೂಕಿನ ಜಲಸಂಗ್ವಿಯ ಶಿಲಾಬಾಲಿಕೆ ಬರೆಯುತ್ತಿರುವುದೂ ಅದೇ ಅರಸನ ಪ್ರಶಸ್ತಿಯನ್ನು. ಪ್ರಶಸ್ತಿಯನ್ನು ಎಲ್ಲರೂ ಓದುತ್ತಾರೆ. ವ್ಯಾಖ್ಯಾನದ ಸೂಕ್ಷ್ಮವನ್ನು ಓದುವವರು ವಿರಳ.

ಆಂಗ್ಲರ ಕಾಲದ ನ್ಯಾಯಸ್ಥಾನಗಳು ವ್ರಣವಾಗಿ ಕೀವು ಒಸರುವ ಉಗ್ರಕುಷ್ಠ ಮಾತ್ರವೇ ದಾಯವನ್ನು ಕಳೆಯುವುದೆಂದೂ, ಸ್ಪರ್ಶಜ್ಞಾನವನ್ನು ಕೆಡಿಸುವ ಬಗೆಯು ಸೌಮ್ಯವಾದುದರಿಂದ ಕಳೆಯದೆಂದೂ ವಿಭಾಗಿಸಿದುವು. ಇದರಲ್ಲಿ ದಯೆಯುಂಟು, ನಿದಾನವಿಲ್ಲ. ಕಣ್ಣಿಗೆ ಹೇಸಿಗೆಯಾದುದೇ ಇಲ್ಲಿ ಪ್ರಮಾಣವಾಯಿತು. ಸ್ಪರ್ಶ ತಿಳಿಯದ ಮಚ್ಚೆಯೂ ದಪ್ಪನಾದ ನರವೂ ಈ ರೋಗದ ಪ್ರಧಾನ ಲಕ್ಷಣಗಳು. ಪಾದದ ವ್ರಣವಾದರೋ, ನೋವರಿಯದ ಕಾಲಿಗೆ ತಗುಲಿದ ಗಾಯದ ಫಲವಾಗಿರುವುದೇ ಹೆಚ್ಚು. ಚರ್ಮಗತ ಕುಷ್ಠಕ್ಕೆ ಸ್ಪರ್ಶಹಾನಿಯನ್ನು ಸುಶ್ರುತನೇ ಹೇಳಿದ್ದನು. ಇನ್ನೊಂದು ತೊಡಕೂ ಉಂಟು. ಕೆಲವರಲ್ಲಿ ಮಚ್ಚೆಯೇ ಕಾಣದೆ ಚರ್ಮವೆಲ್ಲ ನುಣ್ಣಗೆ ಹೊಳೆಯುತ್ತದೆ, ಕಿವಿಯ ಹಾಲೆ ದಪ್ಪನಾಗುತ್ತದೆ, ಹುಬ್ಬು ಉದುರುತ್ತದೆ. ಮತ್ತೆ ಕೆಲವರಲ್ಲಿ ಸಾಮಾನ್ಯ ಗಂಟುಗಳಂತಿರುವ ಹೊಳಪಿನ ಗಂಟುಗಳೇಳುತ್ತವೆ. ಸ್ಪರ್ಶವು ಬಹುಕಾಲ ಉಳಿದಿರಬಹುದು. 1873ರಲ್ಲಿ ಹಾನ್ಸನ್ ಕಂಡ ಕ್ರಿಮಿಗಳಾದರೋ ಇಂಥ ಚರ್ಮದಲ್ಲಿಯೇ ಹೇರಳ. ಚರ್ಮವನ್ನು ತುಸು ಸೀಳಿ ತೆಗೆದ ರಸವನ್ನು ಸೂಕ್ಷ್ಮದರ್ಶಕದಲ್ಲಿ ನೋಡದೆ ಇದನ್ನು ನಿಶ್ಚಯಿಸಹೊರಡುವುದು ದುಸ್ಸಾಹಸ. ಚರಕನ ಹದಿನೆಂಟು ಕುಷ್ಠಗಳಲ್ಲಿ ಹಲವು ಬೇರೆಯ ಚರ್ಮರೋಗಗಳೇ ಆಗಿರುವುದರಿಂದ ಪ್ರಾಚೀನ ಗ್ರಂಥಗಳ ‘ಕುಷ್ಠಿ’ಯನ್ನೆಲ್ಲ ಇಂದಿನ ಕುಷ್ಠರೋಗಿಯೆಂದು ಓದುವುದೂ ಸಲ್ಲದು.

ವಿಜ್ಞಾನೇಶ್ವರನ ಮುಂದಿನ ಮಾತನ್ನು ಅವನನ್ನು ಉದಾಹರಿಸುವವರು ಬಿಟ್ಟುಬಿಡುವುದೇ ವಾಡಿಕೆ. ವಿಭಾಗವಾದ ಮೇಲೆ ಔಷಧಾದಿಗಳಿಂದ ದೋಷವು ಪರಿಹಾರವಾದರೆ, ವಿಭಾಗಾನಂತರ ಹುಟ್ಟಿದ ಮಗನಂತೆ ಆತನಿಗೂ ಭಾಗವುಂಟು. ಅನರ್ಹನ ನಿರ್ದೋಷ ಪುತ್ರನಿಗೂ ಉಂಟು. ಹಾಗಾದರೆ ಅವನ ದೃಷ್ಟಿ ನಿಂತಿರುವುದು ರೋಗದ ಹೆಸರಿನ ಮೇಲಲ್ಲ, ‘ಅಚಿಕಿತ್ಸ್ಯ’ ಎಂಬ ವಿಶೇಷಣದ ಮೇಲೆ. 1928ರ ಶಾಸನವು ಇಂಥ ಅನರ್ಹತೆಗಳನ್ನು ಬಹುಮಟ್ಟಿಗೆ ತೊಡೆದುಹಾಕಿತು. 1982ರಿಂದ ಬಳಕೆಗೆ ಬಂದ ಬಹುಔಷಧ ಚಿಕಿತ್ಸೆಯಿಂದ ಆ ವಿಶೇಷಣವೂ ಕುಷ್ಠಕ್ಕೆ ಹೊಂದದಾಯಿತು. ಆದರೂ ವಿವಾಹವಿಚ್ಛೇದನದ ಕಾರಣಗಳಿಂದ ಕುಷ್ಠವನ್ನು ತೆಗೆದುದು 2019ರಲ್ಲಿ.