ಕಿಟಕಿ ತೆರೆದಿಟ್ಟು ಬೆಚ್ಚಗಿರುವುದು

‘ನೊಮ್ಯಾಡ್‌ಲ್ಯಾಂಡ್’ ಸಿನಿಮಾ ನೋಡಿದ ಹೆಚ್ಚಿನವರು ನೆನಪಿಟ್ಟುಕೊಳ್ಳದ ಒಂದು ಸಣ್ಣ ಪ್ರಸಂಗ ಅದರ ಮೊದಲ ಭಾಗದಲ್ಲಿದೆ. ಕ್ರಿಸ್‌ಮಸ್ ಸೀಸನ್ನಿನ ಗೋದಾಮಿನ ಕೆಲಸ ಮುಗಿದಿದೆ. ಫರ್ನ್ ತನ್ನ ವ್ಯಾನನ್ನು ಒಂದು ಪೆಟ್ರೋಲ್ ಬಂಕಿನಲ್ಲಿ ನಿಲ್ಲಿಸಿಕೊಂಡಿದ್ದಾಳೆ. ಅಲ್ಲಿನ ಹೆಂಗಸು, ಈ ರಾತ್ರಿ ವಿಪರೀತ ಚಳಿಯಾಗುತ್ತದೆ, ಹತ್ತಿರದ ಚರ್ಚಿನಲ್ಲಿ ಮಲಗಲು ವ್ಯವಸ್ಥೆಯಿದೆ ಎನ್ನುತ್ತಾಳೆ. ಫರ್ನ್ ಬೇಡವೆನ್ನುತ್ತಾಳೆ. ಆಮೇಲೆ ಅವಳು ವ್ಯಾನಿನೊಳಗೆ ಹೊದ್ದುಕೊಂಡು ನಡುಗುವುದನ್ನು ನೋಡುತ್ತೇವೆ. ಅಷ್ಟರಲ್ಲಿ ಕಥೆ ಅರಿಜೋನಾದ ಮರುಭೂಮಿಗೆ, ಬಿಸಿಲಿಗೆ, ಗೆಳೆಯರ ಗುಂಪಿಗೆ ಹೊರಟುಬಿಡುತ್ತದೆ.

ಆ ರಾತ್ರಿಯಿಂದ ಸಿನಿಮಾ ಅಷ್ಟು ಬೇಗ ಎದ್ದು ಹೋಗಬಾರದಿತ್ತು ಎಂಬುದು ನನ್ನ ತಕರಾರು.

ಜೆಸ್ಸಿಕಾ ಬ್ರೂಡರ್ ಅವರ ‘ನೊಮ್ಯಾಡ್‌ಲ್ಯಾಂಡ್’ 2017ರಲ್ಲಿ ಬಂದ ವರದಿಗಾರಿಕೆಯ ಪುಸ್ತಕ. ಮನೆ ಬಾಡಿಗೆ ಕಟ್ಟಲಾಗದೆ ವ್ಯಾನು, ಮೋಟಾರ್‌ಹೋಮ್, ಟ್ರೇಲರುಗಳಲ್ಲಿ ಬದುಕುತ್ತ, ಸೀಸನ್ ಕೆಲಸ ಹುಡುಕಿಕೊಂಡು ಅಲೆಯುವ ಅಮೆರಿಕದ ವಯಸ್ಸಾದವರ ಕಥನ ಅದು. ಕ್ಲೋಯಿ ಝಾವೊ ಅದನ್ನು 2020ರಲ್ಲಿ ಸಿನಿಮಾ ಮಾಡಿದರು. ಫ್ರಾನ್ಸಿಸ್ ಮೆಕ್‌ಡಾರ್ಮಂಡ್ ವಹಿಸಿದ ಫರ್ನ್ ಕಲ್ಪಿತ ಪಾತ್ರ. ಆಕೆಯ ಸುತ್ತ ಪುಸ್ತಕದ ಲಿಂಡಾ ಮೇ, ಸ್ವಾಂಕಿ, ಬಾಬ್ ವೆಲ್ಸ್ ತಾವು ತಾವಾಗಿಯೇ ಬರುತ್ತಾರೆ. ವೆನಿಸ್‌ನ ಗೋಲ್ಡನ್ ಲಯನ್, 2021ರಲ್ಲಿ ಮೂರು ಆಸ್ಕರ್, ಎಲ್ಲ ಬಂದವು. ಗೋದಾಮಿನ ದುಡಿಮೆಯನ್ನು ಸಿನಿಮಾ ಮೆದುವಾಗಿಸಿತು ಎಂಬ ಟೀಕೆಯೂ ಆಗಲೇ ಬಂತು. ಅದು ಸರಿಯಾದ ಟೀಕೆಯೇ. ಆದರೆ ಅದಕ್ಕಿಂತ ಒಳಗಿನದೊಂದು ಮಾತು ಹೇಳದೆ ಉಳಿದಿದೆ ಅನಿಸುತ್ತದೆ. ಅದು ಚಳಿಯ ಮಾತು.

ವ್ಯಾನೆಂದರೆ ತಗಡಿನ ಡಬ್ಬ. ಹಗಲಿನ ಬಿಸಿಯನ್ನು ರಾತ್ರಿಗೆ ಉಳಿಸಿಕೊಡುವ ದಪ್ಪ ಗೋಡೆ ಅದಕ್ಕಿಲ್ಲ. ಸ್ಟವ್ ಆರಿಸಿದ ಸ್ವಲ್ಪ ಹೊತ್ತಿಗೆ ಹೊರಗಿನ ಹವೆಯೇ ಒಳಗಿನ ಹವೆ. ಹಾಗಾಗಿ ಜನ ಗೋಡೆಗೆ ಫೋಮ್ ಅಂಟಿಸುತ್ತಾರೆ, ಗಾಜಿಗೆ ಬೆಳ್ಳಿಬಣ್ಣದ ಹಾಳೆ ಕತ್ತರಿಸಿ ಕೂರಿಸುತ್ತಾರೆ, ಬಿಸಿನೀರಿನ ಚೀಲ ಕಾಲಬಳಿ ಇಟ್ಟುಕೊಳ್ಳುತ್ತಾರೆ. ಅದೂ ಸಾಲದಿದ್ದರೆ ಗ್ಯಾಸ್ ಹೀಟರು. ಉರಿಸುವುದು ಪ್ರೊಪೇನ್, ಅದು ಮೈನಸ್ 42 ಡಿಗ್ರಿಯವರೆಗೂ ಆವಿಯಾಗುತ್ತದೆ. ಬ್ಯೂಟೇನ್ ಆದರೋ ಸೊನ್ನೆಯ ಹತ್ತಿರ ಬಂದ ಕೂಡಲೇ ಹಟ ಹಿಡಿದು ಸಿಲಿಂಡರಿನಲ್ಲೇ ಕೂತುಬಿಡುತ್ತದೆ. ಇಲ್ಲಿಂದ ಒಂದು ವಿಚಿತ್ರ ಶುರು. ಒಂದು ಕಿಲೋ ಪ್ರೊಪೇನ್ ಉರಿದರೆ ಸುಮಾರು 1.6 ಕಿಲೋ ನೀರಿನ ಆವಿ ಹುಟ್ಟುತ್ತದೆ. ಹೊಗೆ ಹೊರಹಾಕುವ ಕೊಳವೆಯಿಲ್ಲದ ಅಗ್ಗದ ಹೀಟರಾದರೆ ಆ ಆವಿಯೆಲ್ಲ ಒಳಗೇ. ಮಲಗಿದವರ ಉಸಿರೂ ಅದಕ್ಕೆ ಸೇರಿ ತಣ್ಣಗಿನ ತಗಡಿನ ಮೇಲೆ ನೀರಾಗಿ ಇಳಿಯುತ್ತದೆ. ಹಾಸಿಗೆಯ ಅಡಿ ಬೂಷ್ಟು. ಮೇಲಾಗಿ ಆಮ್ಲಜನಕ ಕಡಿಮೆಯಾಗಿ, ವಾಸನೆಯಿಲ್ಲದ ಕಾರ್ಬನ್ ಮೊನಾಕ್ಸೈಡ್ ತುಂಬುವ ಭಯ. ಆದ್ದರಿಂದ ಬೆಚ್ಚಗಿರಬೇಕಾದರೆ ಕಿಟಕಿಯನ್ನು ಒಂದಿಷ್ಟು ತೆರೆದೇ ಇಡಬೇಕು. ಬಿಸಿ ಮಾಡಲು ದುಡ್ಡು ಕೊಟ್ಟು, ಅದರಲ್ಲೊಂದು ಪಾಲನ್ನು ಹೊರಗೆ ಬಿಡುತ್ತ ಮಲಗಬೇಕು.

ಹೊಗೆಯನ್ನು ಹೊರಕ್ಕೆ ಒಯ್ದು ಒಣ ಬಿಸಿಯನ್ನಷ್ಟೇ ಒಳಗೆ ಬಿಡುವ ಹೀಟರುಗಳಿವೆ. ದೊಡ್ಡ ಮೋಟಾರ್‌ಹೋಮ್‌ಗಳಲ್ಲಿ ಅವು ಬಂದೇ ಇರುತ್ತವೆ. ಬಡವರ ವ್ಯಾನಿಗೆ ಬೇಕೆಂದರೆ ಹೀಟರಿಗೂ ದುಡ್ಡು, ಅದರ ಫ್ಯಾನ್ ತಿರುಗಿಸುವ ಬ್ಯಾಟರಿಗೂ ದುಡ್ಡು. ಸರ್ವಜ್ಞ ತನ್ನ ಪ್ರಸಿದ್ಧ ತ್ರಿಪದಿಯಲ್ಲಿ ಸುಖದ ಲೆಕ್ಕ ಹಾಕುವಾಗ ಮನೆ ದೊಡ್ಡದಿರಲಿ, ಚೆಂದವಿರಲಿ ಅನ್ನುವುದಿಲ್ಲ, ಬೆಚ್ಚಗಿರಲಿ ಅನ್ನುತ್ತಾನೆ. ಅದರ ಬೆನ್ನಿಗೇ ಖರ್ಚಿಗೆ ಹಣ. ನಾವು ಅವನ್ನು ಎರಡು ಬೇರೆ ಬೇರೆ ಸಂಗತಿಗಳೆಂದು ಓದಿಕೊಂಡು ಬಂದಿದ್ದೇವೆ. ವ್ಯಾನಿನಲ್ಲಿ ಅವೆರಡೂ ಒಂದೇ.

ಈ ಲೆಕ್ಕ ಸಿನಿಮಾದಲ್ಲಿಲ್ಲ. ಜೋಶುವಾ ಜೇಮ್ಸ್ ರಿಚರ್ಡ್ಸ್ ಅವರ ಕ್ಯಾಮೆರಾ ಸಂಜೆಯ ನೀಲಿಯನ್ನೂ ಹಿಮದ ಬಿಳಿಯನ್ನೂ ಬಹಳ ಪ್ರೀತಿಯಿಂದ ಹಿಡಿಯುತ್ತದೆ, ಹಿಂದೆ ಎಯ್ನೌಡಿಯ ಪಿಯಾನೊ. ಚಳಿ ಅಲ್ಲಿ ಗಂಡ ಸತ್ತ ಹೆಂಗಸಿನ ಮನಸ್ಸಿನ ಬಣ್ಣವಾಗಿ ಒದಗುತ್ತದೆ. ರೂಪಕವಾದ ಕೂಡಲೇ ಚಳಿ ಮೈಗೆ ತಾಕುವುದು ನಿಂತುಹೋಗುತ್ತದೆ. ಕಿಟಕಿಯ ಗಾಜಿನ ಮೇಲಿನ ನೀರನ್ನು ಬೆಳಿಗ್ಗೆದ್ದು ಚಿಂದಿಬಟ್ಟೆಯಲ್ಲಿ ಒರೆಸುವ ಒಂದು ದೃಶ್ಯವಿದ್ದಿದ್ದರೆ! ಆ ನೀರು ಬರೀ ತೇವವೂ ಅಲ್ಲ. ರಾತ್ರಿ ವಾಹನದಲ್ಲಿ ಮಲಗಬಾರದೆಂಬ ನಿಯಮ ಅಮೆರಿಕದ ಎಷ್ಟೋ ಊರುಗಳಲ್ಲಿದೆ. ಬೆಳಕು ಕಾಣದಂತೆ ಕಪ್ಪು ಪರದೆ ಹಾಕಿಕೊಂಡರೂ ಮಂಜುಗಟ್ಟಿದ ಗಾಜು, ಒಳಗೆ ಯಾರೋ ಉಸಿರಾಡುತ್ತಿದ್ದಾರೆಂದು ಹೊರಗಿನವರಿಗೆ ಹೇಳಿಕೊಡುತ್ತದೆ. ಫರ್ನ್‌ಳ ವ್ಯಾನಿನ ಬಾಗಿಲನ್ನು ಯಾರೋ ದಬದಬ ಬಡಿದು ಇಲ್ಲಿ ರಾತ್ರಿ ನಿಲ್ಲಿಸುವಂತಿಲ್ಲ ಎಂದು ಕೂಗುವ ದೃಶ್ಯ ಸಿನಿಮಾದಲ್ಲಿದೆ. ನೋಡುವವರ ಎದೆಯೂ ಜಗ್ಗೆನ್ನುತ್ತದೆ. ಆ ಬಡಿತಕ್ಕೂ ಅವಳ ಉಸಿರಿಗೂ ಇರಬಹುದಾದ ಸಂಬಂಧ ಮಾತ್ರ ನಮ್ಮ ಊಹೆಗೂ ಬರುವುದಿಲ್ಲ.

ಇನ್ನೊಂದು, ಕೆಲಸದ ಪಂಚಾಂಗ. ಬೆಚ್ಚಗಿರಲು ಅತ್ಯಂತ ಅಗ್ಗದ ದಾರಿ ಚಳಿಗಾಲದಲ್ಲಿ ದಕ್ಷಿಣಕ್ಕೆ, ತಗ್ಗಿನ ಊರುಗಳಿಗೆ ಇಳಿಯುವುದು. ಸಾವಿರ ಮೀಟರ್ ಇಳಿದರೆ ಸುಮಾರು ಆರೂವರೆ ಡಿಗ್ರಿ ಬಿಸಿ ಸಿಗುತ್ತದೆ, ಪುಕ್ಕಟೆಯಾಗಿ. ಪಿಂಚಣಿ ಚೆನ್ನಾಗಿರುವ ಅಮೆರಿಕನ್ನರು ಹಾಗೇ ಮಾಡುತ್ತಾರೆ. ಚಳಿ ಶುರುವಾಗುತ್ತಲೇ ಅರಿಜೋನಾಕ್ಕೆ ಬರುವ ಅವರಿಗೆ ‘ಸ್ನೋಬರ್ಡ್’ ಎಂಬ ಮುದ್ದಿನ ಹೆಸರೂ ಇದೆ. ಪುಸ್ತಕದ ಜನಕ್ಕೆ ಆ ಹೊತ್ತಿಗೆ ಹೊರಡಲಾಗುವುದಿಲ್ಲ. ಶರತ್ಕಾಲದಲ್ಲಿ ನಾರ್ತ್ ಡಕೋಟಾದ ಬೀಟ್ ಸುಗ್ಗಿ, ಆಮೇಲೆ ಕ್ರಿಸ್‌ಮಸ್‌ವರೆಗೆ ನೆವಾಡಾದ ಫರ್ನ್‌ಲಿ, ಕೆಂಟಕಿಯ ಕ್ಯಾಂಪ್‌ಬೆಲ್ಸ್‌ವಿಲ್‌ಗಳಲ್ಲಿ ಅಮೆಜಾನ್ ಗೋದಾಮು. ಮೋಟಾರ್‌ಹೋಮ್‌ನವರನ್ನೇ ಗುರಿಯಾಗಿಟ್ಟ ‘ಕ್ಯಾಂಪರ್‌ಫೋರ್ಸ್’ ಎಂಬ ಯೋಜನೆಯೇ ಅದಕ್ಕಿತ್ತು. ಹಕ್ಕಿಗಳು ಹಾರುವ ಹೊತ್ತಿಗೆ ಸರಿಯಾಗಿ ಇವರನ್ನು ಚಳಿಯೂರಿನಲ್ಲಿ ಕಟ್ಟಿಹಾಕುತ್ತದೆ ಸಂಬಳ. ಕ್ವಾರ್ಟ್‌ಸೈಟ್‌ನಲ್ಲಿ ಬಾಬ್ ವೆಲ್ಸ್ ನಡೆಸುವ ಮೇಳ ಜನವರಿಯಲ್ಲಿ ಸೇರುವುದನ್ನು ಈ ಪಂಚಾಂಗದ ಜೊತೆಗಿಟ್ಟು ನೋಡಬೇಕು. ಮೊದಲು ಆ ಮೇಳಕ್ಕೆ ಬರುವುದಿಲ್ಲವೆಂದಿದ್ದ ಫರ್ನ್‌ಳನ್ನು ಲಿಂಡಾಳ ಕರೆಗಿಂತ ಹೆಚ್ಚಾಗಿ ಆ ಒಂದು ರಾತ್ರಿಯ ನಡುಕ ಅಲ್ಲಿಗೆ ಅಟ್ಟುತ್ತದೆ. ಸಿನಿಮಾ ಇದನ್ನು ಬಲ್ಲದು. ಹೇಳಲು ಯಾಕೋ ಸಂಕೋಚ ಪಡುತ್ತದೆ.

ಜಾನ್ ಸ್ಟೈನ್‌ಬೆಕ್ 1960ರ ಸೆಪ್ಟೆಂಬರಿನಲ್ಲಿ ‘ರೊಸಿನಾಂಟೆ’ ಎಂದು ಹೆಸರಿಟ್ಟ ಟ್ರಕ್ಕಿನಲ್ಲಿ, ಚಾರ್ಲಿ ಎಂಬ ನಾಯಿಯೊಡನೆ ಅಮೆರಿಕ ಸುತ್ತಲು ಹೊರಟದ್ದು ಸಾಹಿತ್ಯದ ವಿದ್ಯಾರ್ಥಿಗಳಿಗೆ ಗೊತ್ತು. ಆ ಟ್ರಕ್ಕಿನಲ್ಲೂ ಗ್ಯಾಸಿನ ಹೀಟರಿತ್ತು. ಆದರೆ ಅವನಿಗೊಂದು ಮನೆಯೂ ಇತ್ತು, ಚಳಿಗಾಲವಿಡೀ ಟ್ರಕ್ಕಿನಲ್ಲಿ ಕಳೆಯುವ ಪ್ರಮೇಯ ಬರಲಿಲ್ಲ. ಅಮೆರಿಕದ ದಾರಿಯ ಸಾಹಿತ್ಯ ಹೆಚ್ಚಾಗಿ ಹಿಂದಿರುಗಲು ಬೆಚ್ಚನೆಯ ಮನೆಯಿದ್ದವರದು. ಆ ಸಾಲಿನಲ್ಲಿ ಬ್ರೂಡರ್ ಪುಸ್ತಕ ಬೇರೆಯಾಗಿ ನಿಲ್ಲುವುದು ಇಲ್ಲೇ. ಆಕೆಯೂ ‘ಹ್ಯಾಲೆನ್’ ಎಂಬ ವ್ಯಾನು ಕೊಂಡು ಅದರೊಳಗಿದ್ದು ಬರೆದವರು, ಆಕೆಗೂ ಮನೆಯಿತ್ತು, ಆದರೆ ಅದನ್ನು ಮರೆಮಾಚುವುದಿಲ್ಲ. ಆಗಾಗ ಈ ಜನರ ಗಟ್ಟಿತನಕ್ಕೆ ಮಾರುಹೋಗಿ, ಸಿಟ್ಟು ಬರಬೇಕಾದ ಕಡೆ ಮೆಚ್ಚುಗೆ ಬರೆದುಬಿಡುತ್ತಾರೆ ಎಂಬುದೊಂದು ಕೊರತೆ.

ಸಿನಿಮಾದ ಪರವಾಗಿಯೂ ಒಂದು ಮಾತು ಹೇಳಬೇಕು, ಯಾಕೆಂದರೆ ಪುಸ್ತಕದ ಲೆಕ್ಕಕ್ಕೆ ಸಿಗದ್ದೊಂದು ಅದರಲ್ಲಿದೆ. ಫರ್ನ್ ಬೆಚ್ಚನೆಯ ಜಾಗವನ್ನು ಬಿಡುವ ಎರಡು ಪ್ರಸಂಗಗಳನ್ನೇ ನೋಡಿ. ಮೊದಲನೆಯದು ಚರ್ಚು. ಎರಡನೆಯದು ಡೇವ್‌ನ ಮಗನ ಮನೆ. ಅಲ್ಲಿ ಹಾಸಿಗೆಯಿದೆ, ಕೂಸಿದೆ, ಉಳಿದುಕೋ ಎನ್ನುವವನಿದ್ದಾನೆ. ನಡುರಾತ್ರಿ ಅವಳು ಎದ್ದು ಹೋಗಿ ವ್ಯಾನಿನಲ್ಲಿ ಮಲಗುತ್ತಾಳೆ. ಮೊದಲನೆಯದನ್ನು ಮರ್ಯಾದೆಯ ಪ್ರಶ್ನೆ ಎನ್ನಬಹುದು. ನಮ್ಮ ಅಜ್ಜಿಯರೂ ಯಾರದೋ ಜಗಲಿಯಲ್ಲಿ ಮಲಗಲು ಒಪ್ಪುತ್ತಿರಲಿಲ್ಲ. ಎರಡನೆಯದಕ್ಕೆ ಯಾವ ಅರ್ಥಶಾಸ್ತ್ರವೂ ಸಾಲದು. ಇನ್ನೊಬ್ಬರ ಮನೆಯ ಬಿಸಿ ಅವಳಿಗೆ ಹಿಡಿಸುವುದಿಲ್ಲ. ಅವಳು ಬಲ್ಲ ಬೆಚ್ಚಗೆ 2011ರಲ್ಲಿ ಜಿಪ್ಸಮ್ ಕಾರ್ಖಾನೆ ಮುಚ್ಚಿದಾಗ ಎಂಪೈರ್ ಎಂಬ ಊರಿನ ಜೊತೆಗೇ ಹೋಯಿತು. ಮೆಕ್‌ಡಾರ್ಮಂಡ್ ಇದನ್ನು ಬರೀ ಹೆಗಲಲ್ಲಿ, ಮಗ್ಗುಲಾಗುವ ರೀತಿಯಲ್ಲಿ ತೋರಿಸುತ್ತಾರೆ. ಆದರೆ ಚರ್ಚನ್ನು ಬಿಟ್ಟದ್ದಕ್ಕೆ ಅವಳು ತೆತ್ತದ್ದೇನು ಎಂದು ಮೊದಲೇ ಮೈಮುಟ್ಟುವಂತೆ ತಿಳಿದಿದ್ದರೆ, ಈ ಎರಡನೆಯ ಸಲದ ಭಾರ ಇನ್ನೂ ಹೆಚ್ಚುತ್ತಿತ್ತು.

ಪುಸ್ತಕದಲ್ಲೂ ಸಿನಿಮಾದಲ್ಲೂ ಲಿಂಡಾ ಮೇ ‘ಅರ್ಥ್‌ಶಿಪ್’ ಎಂಬ ಮನೆಯ ಕನಸು ಹೇಳುತ್ತಾಳೆ. ಮೈಕೆಲ್ ರೆನಾಲ್ಡ್ಸ್ ಎಂಬ ವಾಸ್ತುಶಿಲ್ಪಿ ರೂಪಿಸಿದ ಬಗೆ ಅದು: ಹಳೆಯ ಟೈರುಗಳಿಗೆ ಮಣ್ಣು ತುಂಬಿ, ಸುತ್ತಿಗೆಯಲ್ಲಿ ಬಡಿದು ಗಟ್ಟಿಮಾಡಿ, ಒಂದರ ಮೇಲೊಂದು ಪೇರಿಸಿದ ದಪ್ಪ ಗೋಡೆ, ಬಿಸಿಲು ಬರುವ ದಿಕ್ಕಿಗೆ ಗಾಜು. ಹಗಲು ಹೀರಿದ ಬಿಸಿಯನ್ನು ಗೋಡೆ ರಾತ್ರಿಯಿಡೀ ಒಳಗೆ ಬಿಡುತ್ತದೆ. ಸಿನಿಮಾ ನೋಡಿದಾಗ ಇದು ಮುದುಕಿಯೊಬ್ಬಳ ಮುದ್ದಾದ ಹುಚ್ಚು ಅನಿಸಿತ್ತು. ಪುಸ್ತಕ ಓದಿ, ವರ್ಷಗಳಿಂದ ಗಾಲಿಗಳ ಮೇಲೆ ಬದುಕಿದವಳು ಅರಿಜೋನಾದ ಡಗ್ಲಸ್ ಬಳಿಯ ತುಂಡು ಜಮೀನಿನಲ್ಲಿ ಟೈರಿನ ಗೋಡೆ ಎಬ್ಬಿಸಲು ಹೊರಟದ್ದನ್ನು ತಿಳಿದ ಮೇಲೆ, ಸಿನಿಮಾದ ಆ ದೃಶ್ಯವನ್ನು ಹಿಂದಕ್ಕೆ ಹಾಕಿ ಇನ್ನೊಮ್ಮೆ ನೋಡಿದೆ.